ಪುಣೆಯಿಂದ ಬೆಹರಾಮ ಬಂದ ವರ್ಷ

ಹೋದ ತಿಂಗಳು ತರುಣ ಕೋಚ್‌ಗಳ ಒಂದು ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಬ್ಯಾಸ್ಕೆಟ್‌ಬಾಲಿನ ಭೀಷ್ಮ ಎಂದೆಲ್ಲ ಹೊಗಳಿದರು. ಆಮೇಲೆ ಕೊರಳಿಗೆ ಹೊಸ ಸೀಟಿ ಹಾಕಿಕೊಂಡಿದ್ದ ಒಬ್ಬ ಹುಡುಗ ಎದ್ದು ಕೇಳಿದ: ‘ಸರ್, ಈಗ ಲೀಗದಾಗ ಫಾರಿನ್ ಪ್ಲೇಯರ್ ಬಂದು ನಮ್ಮ ಆಟ ಸುಧಾರಿಸ್ಯಾದ. ನಿಮ್ಮ ಕಾಲದಾಗ ಅವರು ಇದ್ದಿಲ್ಲಲ್ರಿ, ನೀವು ಹೆಂಗ ಕಲೀತಿದ್ರಿ?’

ನನಗೆ ಸಿಟ್ಟು ನೆತ್ತಿಗೇರಿತು. ಹುಡುಗನ ಮೇಲಲ್ಲ. ಪಾಪ, ಅವನು ಓದಿದ್ದನ್ನು ಕೇಳಿದ. ವೇದಿಕೆಯ ಮೇಲೆ ನನ್ನ ಪಕ್ಕ ಕೂತಿದ್ದ ದೊಡ್ಡವರು ತಲೆಯಾಡಿಸಿ ನಕ್ಕರಲ್ಲ, ಅವರ ಮೇಲೆ. ನಮ್ಮ ಕಾಲದಲ್ಲೂ ಪರದೇಶದವರು ಆಡಿದ್ದರೆಂದು ಅವರಲ್ಲಿ ಇಬ್ಬರಿಗೆ ಗೊತ್ತಿತ್ತು. ಮೈಕಿನಲ್ಲಿ ಏನೋ ಗೊಣಗಿ ಕೂತೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿ ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಓದಿ ನನ್ನನ್ನು ಬೈದರೂ ನಡೆದೀತು.

ಎಪ್ಪತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯ ಬ್ಯಾಸ್ಕೆಟ್‌ಬಾಲ್ ಮಾಸ್ತರನಾಗಿದ್ದೆ. ಪ್ರೊಫೆಷನಲ್ ಎಂಬ ಶಬ್ದವನ್ನು ನಮಗೆ ಯಾರೂ ಅಂಟಿಸಿರಲಿಲ್ಲ. ಆದರೆ ಚೆಂಡು ಆಡುತ್ತಾನೆಂದು ಒಬ್ಬನಿಗೆ ಗಿರಣಿಯಲ್ಲಿ ಕೆಲಸ ಕೊಟ್ಟು, ಚೆಂಡು ಬಿಟ್ಟರೆ ಕೆಲಸವೂ ಹೋಯಿತು ಎಂದರೆ ಅದು ಮತ್ತೇನು? ಹವ್ಯಾಸವೇ? ನಮ್ಮ ಆಟಗಾರರಿಗೆ ಆಟವೇ ಹೊಟ್ಟೆಪಾಡು. ಅದೂ ಅರೆಹೊಟ್ಟೆಯದು, ಏಕೆಂದರೆ ಬಹಳ ಮಂದಿಗೆ ಇದ್ದದ್ದು ಬದಲಿ ಕಾರ್ಡು. ಬದಲಿಯವನು ದಿನಾ ಬೆಳಿಗ್ಗೆ ಗಿರಣಿಯ ಗೇಟಿನ ಹೊರಗೆ ನಿಲ್ಲಬೇಕು. ಒಳಗೆ ಯಾರಾದರೂ ರಜೆ ಹಾಕಿದ್ದರೆ ಅವನ ಜಾಗಕ್ಕೆ ಕರೆಯುತ್ತಾರೆ. ಇಲ್ಲದಿದ್ದರೆ ಡಬ್ಬಿ ಹಿಡಿದುಕೊಂಡು ಮನೆಗೆ ಹೋಗಬೇಕು. ಇದರಿಂದ ಪಾರಾಗಿ ‘ಕಾಯಂ’ ಆಗುವುದೇ ಪ್ರತಿಯೊಬ್ಬ ಆಟಗಾರನ ಕನಸಾಗಿತ್ತು.

ನನ್ನ ತರಬೇತಿಯ ಮಟ್ಟ ಎಷ್ಟಿತ್ತೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಭೀಷ್ಮ ಗೀಷ್ಮ ಎನ್ನಬೇಡಿ. ನಮ್ಮದು ವಿಜಾಪುರ ರಸ್ತೆಯಲ್ಲಿ ಬಟ್ಟೆ ಅಂಗಡಿ ಇದ್ದ ಮನೆ. ಗಿರಣಿಯ ಹಿಂದಿನ ಬಯಲಿಗೆ ಮುರುಮು ಮಣ್ಣು ಹಾಕಿಸಿ, ಸುಣ್ಣದಲ್ಲಿ ಗೆರೆ ಎಳೆದು, ಕಂಬ ನೆಡಿಸಿದೆ. ರಿಂಗು ನೆಲದಿಂದ ಹತ್ತು ಅಡಿ ಎತ್ತರ ಇರಬೇಕು. ಅಳೆಯಲು ಟೇಪು ಸಿಗಲಿಲ್ಲ. ಮೀಟರು ಬಂದ ಮೇಲೆ ಮೂಲೆಗೆ ಬಿದ್ದಿದ್ದ ಅಪ್ಪನ ಹಳೇ ಮರದ ಗಜವನ್ನು ತಂದೆ. ಮೂರು ಗಜ, ಮೇಲೊಂದು ಅಡಿ. ಸರಿಯಾಗಿ ಅಳೆದೆ ಎಂದುಕೊಂಡೆ. ನಮ್ಮ ಹುಡುಗರು ಗಿರಣಿಯ ಅಂಗಳದಲ್ಲಿ ಹಾಕಿದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಹೊರಗೆ ಹೋದರೆ ಪ್ರತಿ ಚೆಂಡೂ ರಿಂಗಿನ ಮುಂಭಾಗಕ್ಕೆ ಬಡಿದು ವಾಪಸು ಬರುತ್ತಿತ್ತು. ಎರಡು ವರ್ಷ ಹುಡುಗರನ್ನು ಬೈದೆ, ಧೈರ್ಯವಿಲ್ಲ ಎಂದೆ, ಊಟ ಸಾಲದು ಎಂದೆ. ಕೊನೆಗೊಮ್ಮೆ ಪರ ಊರಿನ ರೆಫ್ರಿ ಬಂದು ಟೇಪು ಹಿಡಿದಾಗ ನಮ್ಮ ರಿಂಗು ಮೂರು ಇಂಚು ಕೆಳಗಿತ್ತು. ಮನೆಗೆ ಹೋಗಿ ಅಪ್ಪನ ಮುಂದೆ ಆ ಗಜ ಇಟ್ಟು ಕೇಳಿದೆ. ಅವರು ಎಲೆ ಅಡಿಕೆ ಬಾಯಲ್ಲಿ ಹಾಕಿಕೊಂಡು ತಣ್ಣಗೆ ಹೇಳಿದರು: ‘ಅದು ಕಡಿಮಿ ಇದ್ದದ್ದಕ್ಕಽ ನಿನ್ನ ಕಾಲೇಜು ಮುಗದದ. ತಗದು ಇಡು ಒಳಗ.’

ಇಂಥ ಮಾಸ್ತರನ ಕೈಯಲ್ಲಿ ಬೆಳೆದವನು ಮಲ್ಲಿನಾಥ. ವಳಸಂಗದವನು, ಒಕ್ಕಲುತನದ ಮನೆ, ನಾಲ್ವರು ಅಣ್ಣತಮ್ಮಂದಿರಲ್ಲಿ ಕೊನೆಯವನು. ಎತ್ತರದ ಆಳು, ದೊಡ್ಡ ಕೈ, ಮಾತು ಕಡಿಮೆ. ಬುಟ್ಟಿಯ ಕೆಳಗೆ ಅವನು ನಿಂತರೆ ಚೆಂಡು ಇನ್ನೊಬ್ಬರ ಕೈಗೆ ಹೋಗುವುದು ಕಷ್ಟವಿತ್ತು. ಆರು ವರ್ಷ ಅವನು ದಿನಾ ಬೆಳಿಗ್ಗೆ ವಳಸಂಗದಿಂದ ಬಸ್ಸಿನಲ್ಲಿ ಬಂದು ಗೇಟಿನ ಹೊರಗೆ ನಿಂತ. ಕೆಲಸ ಸಿಕ್ಕ ದಿನ ಕೆಲಸ, ಸಿಗದ ದಿನ ಸಂಜೆಯವರೆಗೆ ಗಿರಣಿಯ ಗೋಡೆಯ ನೆರಳಲ್ಲಿ ಕೂತು ಪ್ರಾಕ್ಟೀಸಿಗೆ ಕಾಯುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಮೈಂದರ್ಗಿಯ ಒಂದು ಮನೆಯವರು ಅವನಿಗೆ ಹೆಣ್ಣು ಕೊಡಲು ಒಪ್ಪಿದ್ದರು, ಆದರೆ ಕಾಯಂ ಆದ ಮೇಲೆ ಬನ್ನಿ ಎಂದಿದ್ದರು.

ಕಾಯಂ ಮಾಡಲು ನಮ್ಮ ಗಿರಣಿಯಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಚಳಿಗಾಲದಲ್ಲಿ ಅಕ್ಕಲಕೋಟದಲ್ಲಿ ಒಂದು ಟೂರ್ನಮೆಂಟು ಆಗುತ್ತಿತ್ತು. ಅದರ ಫೈನಲ್ಲಿನ ಸ್ಕೋರ್ ಶೀಟು ಮರುದಿನ ಮ್ಯಾನೇಜರ ಸಾಹೇಬರ ಟೇಬಲ್ಲಿಗೆ ಹೋಗುತ್ತಿತ್ತು. ಹತ್ತು ಹೆಸರಿನಲ್ಲಿ ಯಾರು ಅಂಗಳಕ್ಕೆ ಇಳಿದರೋ ಅವರ ಹೆಸರಿನ ಮುಂದೆ ಸ್ಕೋರರು ಒಂದು ಸಣ್ಣ ಇಂಟು ಗುರುತು ಹಾಕಿರುತ್ತಾನೆ. ಆ ಗುರುತು ಇದ್ದ ಬದಲಿಯವನು ಕಾಯಂ ಆಗಲು ಯೋಗ್ಯ. ಇಲ್ಲದವನು ಮುಂದಿನ ವರ್ಷ ನೋಡೋಣ. ವರ್ಷವಿಡೀ ಬೆವರು ಸುರಿಸಿದ್ದಕ್ಕೆ ಬೆಲೆ ಇಲ್ಲ. ಜೊತೆಗೆ, ಇಪ್ಪತ್ತೈದು ದಾಟಿದ ಮೇಲೆ ಆಟದ ಲೆಕ್ಕದಲ್ಲಿ ಯಾರನ್ನೂ ಕಾಯಂ ಮಾಡುತ್ತಿರಲಿಲ್ಲ. ಈ ಪದ್ಧತಿ ಕಟ್ಟಿದವರು ಒಮ್ಮೆಯೂ ಚೆಂಡು ಮುಟ್ಟಿದವರಲ್ಲ. ಒಬ್ಬ ಸಾಹೇಬರಂತೂ ನಾವು ಹಿಂದೆ ಬಿದ್ದಾಗ ‘ಐದೇ ಮಂದಿ ಯಾಕ್ರಿ, ಇನ್ನೊಬ್ಬನ್ನ ಇಳಸ್ರಿ’ ಎಂದಿದ್ದರು.

ಒಂದು ವರ್ಷ ಆ ಫೈನಲ್ಲಿನಲ್ಲಿ ಪುಣೆಯ ಟೀಮು ನಮ್ಮನ್ನು ಹೊಡೆದು ಹಾಕಿತು. ಹಿಂದಿನ ಫೈನಲ್ಲುಗಳಂತೆ ಅಂದೂ ಬುಟ್ಟಿಯ ಕೆಳಗೆ ಹಳಬರನ್ನೇ ಆಡಿಸಿದ್ದೆ, ಮಲ್ಲಿನಾಥನಿಗೆ ಗುರುತು ಬಿದ್ದಿರಲಿಲ್ಲ. ಅವರ ಕಡೆ ಇಬ್ಬರು ಪರದೇಶದ ವಿದ್ಯಾರ್ಥಿಗಳಿದ್ದರು. ಆಗ ಪುಣೆಯ ಕಾಲೇಜುಗಳಲ್ಲಿ ಇರಾಣ, ಆಫ್ರಿಕಾ ಕಡೆಯ ಹುಡುಗರು ಬಹಳ ಇರುತ್ತಿದ್ದರು. ಮರುದಿನ ಮ್ಯಾನೇಜರ ಸಾಹೇಬರು ನನ್ನನ್ನು ಕರೆಸಿ ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು.

‘ಮಾಸ್ತರ, ಪುಣೇಕರ ತಂದಾರ ಅಂದ್ರ ಆಪಣ ಯಾಕ ತರಬಾರ್ದು?’

‘ನಮ್ಮ ಹುಡುಗ್ರು ತಯಾರ ಆಗ್ಯಾರ್ರಿ ಸಾಹೇಬ. ಇನ್ನೊಂದು ವರ್ಷ ಕೊಡ್ರಿ.’

‘ತುಮಚೀ ಹುಡುಗ್ರು ಆರು ವರ್ಷದಿಂದ ತಯಾರ ಆಗಾಕತ್ತಾರ,’ ಎಂದು ಅವರು ಫೋನು ಎತ್ತಿಕೊಂಡರು. ನನ್ನ ಜೊತೆಗಿನ ಮಾತು ಅಲ್ಲಿಗೇ ಮುಗಿಯಿತು.

ಹಾಗೆ ಬಂದವನು ಬೆಹರಾಮ. ತೆಹರಾನಿನ ಹುಡುಗ, ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ರೈಲಿನಲ್ಲಿ ಬಂದು ಭಾನುವಾರ ಸಂಜೆ ವಾಪಸು ಹೋಗುತ್ತಿದ್ದ. ಹೊರಗಿನವರು ಟೀಮಿನಲ್ಲಿ ಆಡುವಂತಿರಲಿಲ್ಲ, ಹಾಗಾಗಿ ಕಾಗದದ ಮೇಲೆ ಅವನನ್ನು ನೇಯ್ಗೆ ಖಾತೆಯ ಅಪ್ರೆಂಟಿಸ್ ಎಂದು ತೋರಿಸಿದರು. ಮಗ್ಗ ಯಾವ ಕಡೆಯಿಂದ ಓಡುತ್ತದೆಂದು ನೋಡದವನಿಗೆ ಮೊದಲನೇ ದಿನವೇ ಗಿರಣಿಯ ಕಾರ್ಡು! ಆರು ವರ್ಷ ಗೇಟಿನಲ್ಲಿ ನಿಂತವನಿಗೆ ಇನ್ನೂ ಬದಲಿ! ಆ ಅಪ್ರೆಂಟಿಸ್ ಕಾಗದಕ್ಕೆ ಸಹಿ ಹಾಕಿದ್ದು ಟೀಮಿನ ಮಾಸ್ತರ, ಅಂದರೆ ನಾನು. ಸಾಹೇಬರ ಪೆನ್ನಿನಿಂದಲೇ ಹಾಕಿದೆ.

ಈಗ ನ್ಯಾಯದ ಮಾತು. ಬೆಹರಾಮನಿಂದ ನಮ್ಮ ಆಟ ಬದಲಾಯಿತು. ಇದನ್ನು ಅಲ್ಲಗಳೆದರೆ ನಾಲಿಗೆ ಬಿದ್ದುಹೋದೀತು. ನಾವೆಲ್ಲ ಎದೆಯ ಹತ್ತಿರ ಎರಡು ಕೈಯಲ್ಲಿ ಚೆಂಡು ಹಿಡಿದು, ಕಾಲು ಜೋಡಿಸಿ, ದೇವರಿಗೆ ಕೈಮುಗಿದವರ ಹಾಗೆ ನಿಂತು ಬುಟ್ಟಿಗೆ ಎಸೆಯುತ್ತಿದ್ದೆವು. ಅವನು ಹಾರುತ್ತಿದ್ದ. ಹಾರಿ, ಮೇಲೆ ಒಂದು ಕ್ಷಣ ತಡೆದು, ಒಂದೇ ಕೈಯಲ್ಲಿ ಬಿಡುತ್ತಿದ್ದ. ತಡೆಯಲು ಹೋದವನು ಅಷ್ಟರಲ್ಲಿ ಕೆಳಗೆ ಇಳಿದಿರುತ್ತಿದ್ದ.

ಅದಕ್ಕಿಂತ ದೊಡ್ಡದು, ಚೆಂಡಿಲ್ಲದೆ ಆಡುವುದನ್ನು ಕಲಿಸಿದ. ತನ್ನವನನ್ನು ಬಿಡಿಸಲು ಎದುರಾಳಿಯ ದಾರಿಯಲ್ಲಿ ಕಂಬದಂತೆ ನಿಲ್ಲುವುದು. ನಮ್ಮ ಹುಡುಗರಿಗೆ ಅದು ಮೋಸ ಅನ್ನಿಸಿತ್ತು. ‘ಹಂಗ ಅಡ್ಡ ನಿಲ್ಲೂದು ಛಲೋ ಅಲ್ರಿ ಮಾಸ್ತರ’ ಎಂದು ಗೊಣಗುತ್ತಿದ್ದರು. ಭಾಷೆಯದೂ ತಾಪತ್ರಯವಿತ್ತು. ಬೆಹರಾಮನ ಇಂಗ್ಲಿಷು ಹುಡುಗರಿಗೆ ತಿಳಿಯದು, ಅವನ ಹಿಂದಿ ಯಾರಿಗೂ ತಿಳಿಯದು. ದಾರಿ ಹುಡುಕಿದವನು ಮಲ್ಲಿನಾಥ. ವಳಸಂಗದ ಮುಸಲ್ಮಾನ ಗೆಳೆಯರ ಜೊತೆ ಬೆಳೆದ ಅವನಿಗೆ ದಖನಿ ಉರ್ದು ಚೆನ್ನಾಗಿ ಬರುತ್ತಿತ್ತು. ಒಂದು ದಿನ ಅಡ್ಡ ನಿಂತ ಬೆಹರಾಮನನ್ನು ನೋಡಿ ‘ದೀವಾರ್!’ ಎಂದು ಕೂಗಿದ. ಬೆಹರಾಮ ಚೆಂಡು ಬಿಟ್ಟು ಓಡಿ ಬಂದು ಅವನನ್ನು ತಬ್ಬಿಕೊಂಡ. ಗೋಡೆಗೆ ಅವರ ಫಾರಸಿಯಲ್ಲೂ ಅದೇ ಶಬ್ದವಂತೆ. ಅಂದಿನಿಂದ ಗಿರಣಿಯ ಅಂಗಳದಲ್ಲಿ ಅಡ್ಡ ನಿಲ್ಲು ಎಂದರೆ ‘ದೀವಾರ್’, ದಾರಿ ಬಿಡಿಸು ಎಂದರೆ ‘ದರವಾಜಾ’, ಬೇಗ ಎಂದರೆ ‘ಜಲ್ದಿ’. ಎದುರಿನ ಟೀಮಿನವರು ಬಾಯಿ ಬಿಟ್ಟು ನೋಡುತ್ತಿದ್ದರು.

ಇಬ್ಬರೂ ಜೀವದ ಗೆಳೆಯರಾದರು. ಭಾನುವಾರ ಬೆಹರಾಮ ವಳಸಂಗಕ್ಕೆ ಹೋಗಿ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ತಿಂದು ಬರುತ್ತಿದ್ದ. ಮಲ್ಲಿನಾಥನ ತಾಯಿ ಪುಣೆಗೂ ಕಟ್ಟಿ ಕೊಡುತ್ತಿದ್ದಳು.

ಆದರೆ ಅವರಿಬ್ಬರ ಜಾಗ ಒಂದೇ, ಬುಟ್ಟಿಯ ಕೆಳಗೆ. ಬೆಹರಾಮ ಇಳಿದರೆ ಮಲ್ಲಿನಾಥ ಬೆಂಚಿಗೆ. ಮತ್ತು ಬೆಹರಾಮ ಸದಾ ಇಳಿಯುತ್ತಿದ್ದ. ನಾನು ಮಾಡಿದ ದೊಡ್ಡ ಪಾಪ ಯಾವುದೆಂದು ಕೇಳಿದರೆ ಇಲ್ಲಿಂದಲೇ ಶುರು. ಅವನು ಕಲಿಸಿದ್ದನ್ನು ನಾನು ಹತ್ತೂ ಜನರಿಗೆ ದಾಟಿಸಬೇಕಿತ್ತು. ಅದನ್ನು ಬಿಟ್ಟು ‘ಚೆಂಡು ಬೆಹರಾಮಗ ಕೊಡ್ರಿ’ ಎಂಬ ಒಂದೇ ಮಂತ್ರ ಹಿಡಿದೆ. ಉಳಿದ ನಾಲ್ವರು ಅವನ ಮುಖ ನೋಡುತ್ತ ನಿಲ್ಲುವವರಾದರು. ಇಂದಿನ ಲೀಗುಗಳಲ್ಲಿ ಕೊನೆಯ ನಿಮಿಷಗಳಲ್ಲಿ ನಮ್ಮ ಹುಡುಗರು ಮೂಲೆಯಲ್ಲಿ ಕೈ ಕಟ್ಟಿ ನಿಂತು ಪರದೇಶದವನು ಹಾಕುವುದನ್ನು ನೋಡುತ್ತಾರಲ್ಲ, ಅದನ್ನು ಟೀವಿಯಲ್ಲಿ ಕಂಡಾಗ ಎದ್ದು ಆರಿಸಿಬಿಡುತ್ತೇನೆ. ಅವರನ್ನು ಹಾಗೆ ನಿಲ್ಲಿಸಿದ್ದು ಪರದೇಶದವನಲ್ಲ. ನನ್ನಂಥ ಮಾಸ್ತರರು.

ಪ್ರೇಕ್ಷಕರೂ ಕಡಿಮೆಯವರಲ್ಲ. ಬೆಹರಾಮ ತಪ್ಪಿಸಿದರೆ ‘ವ್ಹಾ, ಥೋಡಕ್ಯಾತ ಗೇಲಾ’ ಎನ್ನುವರು, ಸ್ವಲ್ಪದರಲ್ಲಿ ತಪ್ಪಿತು ಎಂದು. ಅಪರೂಪಕ್ಕೆ ಇಳಿದ ಮಲ್ಲಿನಾಥ ತಪ್ಪಿಸಿದರೆ ‘ಹೊಲಕ್ಕ ಹೋಗಲೇ’ ಎನ್ನುವರು. ಅವನದೇ ಊರಿನ ಜನ, ಅವನದೇ ಭಾಷೆಯಲ್ಲಿ.

ಆ ಚಳಿಗಾಲ ಮತ್ತೆ ಅಕ್ಕಲಕೋಟ. ಮತ್ತೆ ಫೈನಲ್ಲು, ಮತ್ತೆ ಪುಣೆಯವರು. ಮಲ್ಲಿನಾಥನಿಗೆ ಅದೇ ಕೊನೆಯ ಅವಕಾಶ. ಎರಡು ತಿಂಗಳಲ್ಲಿ ಇಪ್ಪತ್ತೈದು ತುಂಬುತ್ತಿತ್ತು. ಸೊಲ್ಲಾಪುರದಿಂದ ಟೀಮಿನ ಬಸ್ಸಿನಲ್ಲಿ ಹೊರಟಿದ್ದೆವು, ಅವನು ವಳಸಂಗದಲ್ಲಿ ಹತ್ತಿ ನನ್ನ ಪಕ್ಕ ಕೂತ.

‘ಮಾಸ್ತರ, ಇವತ್ತ ನನ್ನ ಇಳಸ್ತೀರಿ ಹೌದಿಲ್ರಿ?’

‘ಇಳಸ್ತೀನೋ.’

‘ಎರಡ ನಿಮಿಷ ಆದ್ರೂ ಸಾಕ್ರಿ. ಒಂದ ನಿಮಿಷ ಆದ್ರೂ ನಡೀತದ. ಮೈಂದರ್ಗಿಯವರು ಇವತ್ತ ನೋಡಾಕ ಬಂದಾರ.’

‘ನಾ ಅದೀನಲ್ಲೋ. ನೀ ಯಾಕ ಚಿಂತಿ ಮಾಡ್ತಿ?’

ಆಟ ಬಿಗಿಯಾಗಿತ್ತು. ಮ್ಯಾನೇಜರ ಸಾಹೇಬರು ನನ್ನ ಬೆನ್ನ ಹಿಂದೆಯೇ ಖುರ್ಚಿ ಹಾಕಿಸಿಕೊಂಡು ಕೂತಿದ್ದರು. ಅರ್ಧ ಆಟ ಮುಗಿದಾಗ ನಾವು ನಾಲ್ಕು ಪಾಯಿಂಟು ಮುಂದಿದ್ದೆವು. ಬೆಹರಾಮ ನೀರು ಕುಡಿದು ನನ್ನ ಹತ್ತಿರ ಬಂದು ‘ಮಾಸ್ತರ, ಅಬ್ ಮಲ್ಲಿನಾಥ ಜಾಯೇಗಾ. ಮೈ ಬೈಠೇಗಾ’ ಎಂದ, ಅವನು ಇಳಿಯಲಿ, ನಾನು ಕೂರುತ್ತೇನೆ ಎಂದು. ಶೀಟಿನ ವಿಚಾರ ಅವನಿಗೆ ಮಲ್ಲಿನಾಥ ಹೇಳಿರಲಿಲ್ಲ, ಟೀಮಿನ ಬೇರೆ ಯಾರೋ ಹೇಳಿದ್ದರು. ನಾನು ‘ಆಮೇಲೆ’ ಎಂದೆ.

ಆಟ ಮುಗಿಯಲು ಐದು ನಿಮಿಷ ಇದ್ದಾಗ ಆರು ಪಾಯಿಂಟು ಮುಂದಿದ್ದೆವು. ಹೋಗು ಎಂದು ಮಲ್ಲಿನಾಥನಿಗೆ ಸನ್ನೆ ಮಾಡಿದೆ. ಅವನು ಮೇಲಿನ ಸ್ವೆಟರು ತೆಗೆದು ಬೆಂಚಿನ ಮೇಲೆ ಮಡಚಿ ಇಟ್ಟು, ಸ್ಕೋರರ ಟೇಬಲ್ಲಿನ ಹತ್ತಿರ ಹೋಗಿ ನಿಂತ. ಸೀಟಿ ಊದಿ ಆಟ ನಿಂತ ಕೂಡಲೇ ಒಳಗೆ ಹೋಗಬಹುದಿತ್ತು. ಅಷ್ಟರಲ್ಲಿ ಪುಣೆಯವರು ಬೆನ್ನುಬೆನ್ನಿಗೆ ಎರಡು ಬುಟ್ಟಿ ಹಾಕಿದರು. ಹಿಂದಿನಿಂದ ಸಾಹೇಬರು ‘ಕಾಯ ಮಾಸ್ತರ, ಕಾಯ ಚಾಲಲಂಯ?’ ಏನು ನಡೆಸಿದ್ದೀರಿ ಎಂದು ಗದರಿದರು. ನಾನು ಮಲ್ಲಿನಾಥನನ್ನು ವಾಪಸು ಕರೆದೆ. ಅವನು ಬಂದು ಕೂತ. ಸ್ವೆಟರು ಹಾಕಿಕೊಳ್ಳಲಿಲ್ಲ.

ಅದನ್ನು ಬೆಹರಾಮ ಅಂಗಳದಿಂದ ನೋಡಿದ. ಅವನ ಮೇಲೆ ಆಗ ನಾಲ್ಕು ಫೌಲುಗಳಿದ್ದವು. ಐದಾದರೆ ಆಟಗಾರ ಹೊರಗೆ ಹೋಗಲೇಬೇಕು. ಮರುಕ್ಷಣ ಅವನು ಚೆಂಡೇ ಇಲ್ಲದ ಕಡೆ ಹೋಗಿ, ರೆಫ್ರಿಯ ಕಣ್ಣೆದುರೇ, ಎದುರಿನವನ ಅಂಗಿ ಎರಡೂ ಕೈಯಲ್ಲಿ ಹಿಡಿದು ನಿಂತ. ಸೀಟಿ ಕೂಗಿತು, ಐದನೇ ಫೌಲು. ಅವನು ನೇರವಾಗಿ ಬೆಂಚಿಗೆ ಬಂದು ಮಲ್ಲಿನಾಥನ ಹೆಗಲು ತಟ್ಟಿ ‘ಜಾ, ದೋಸ್ತ’ ಎಂದ.

ಮಲ್ಲಿನಾಥ ಎದ್ದು ನಿಂತು ನನ್ನ ಕಡೆ ನೋಡಿದ. ಬೆಂಚಿನಲ್ಲಿ ಇನ್ನೊಬ್ಬ ಎತ್ತರದವನಿದ್ದ, ಚಂದ್ರಕಾಂತ. ಅವನು ಕಾಯಂ ಆಗಿ ಮೂರು ವರ್ಷವಾಗಿತ್ತು, ಆ ಗುರುತಿನಿಂದ ಅವನಿಗೆ ಬರುವುದು ಏನೂ ಇರಲಿಲ್ಲ. ‘ಚಂದ್ಯಾಲಾ ಪಾಠವಾ!’ ಸಾಹೇಬರ ದನಿ ಬಂತು, ಚಂದ್ರಕಾಂತನನ್ನು ಕಳಿಸು ಎಂದು. ಮಲ್ಲಿನಾಥ ಮೂವತ್ತೈದು ನಿಮಿಷ ಕೂತು ತಣ್ಣಗಾಗಿದ್ದಾನೆ, ಚಂದ್ರಕಾಂತ ಮೊದಲರ್ಧದಲ್ಲಿ ಆಡಿ ಬಿಸಿ ಇದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಲ್ಲ ಅದು, ಯಾವ ಕೋಚಿಂಗ್ ಪುಸ್ತಕವೂ ಒಪ್ಪುವ ಮಾತು. ಚಂದ್ರಕಾಂತನನ್ನು ಕಳಿಸಿದೆ.

ಒಂದು ಪಾಯಿಂಟಿನಿಂದ ಗೆದ್ದೆವು. ಇದೇ ನನ್ನ ದುರ್ದೈವ. ಸೋತಿದ್ದರೆ ಯಾರಾದರೂ ನನ್ನನ್ನು ತಪ್ಪಿತಸ್ಥ ಎನ್ನುತ್ತಿದ್ದರು.

ಜನ ಬೆಹರಾಮನನ್ನು ಹೆಗಲ ಮೇಲೆ ಎತ್ತಲು ಬಂದರು. ಅವನು ಕೈ ಕೊಡವಿಕೊಂಡು ಹೋದ. ಕಪ್ಪು ಹಿಡಿದ ಫೋಟೋದಲ್ಲಿ ಅವನಿಲ್ಲ. ನಾನಿದ್ದೇನೆ, ಸಾಹೇಬರ ಪಕ್ಕ, ಹಲ್ಲು ಕಿಸಿದುಕೊಂಡು.

ಇಷ್ಟೇ ಆಗಿದ್ದರೆ ಹೆದರಿಕೆ ಎನ್ನಬಹುದಿತ್ತು. ಸ್ಕೋರರು ಒಬ್ಬ ಶಾಲೆಯ ಮಾಸ್ತರರು, ನನ್ನ ಹಳೇ ಪರಿಚಯ, ಎಲ್ಲ ನೋಡಿದ್ದರು. ಜನ ಚದುರಿದ ಮೇಲೆ ಶೀಟು ಹಿಡಿದುಕೊಂಡು ನನ್ನ ಹತ್ತಿರ ಬಂದರು.

‘ಮಾಸ್ತರ, ಟೇಬಲ್ ತನಾ ಬಂದು ನಿಂತಿದ್ದ ಪಾಪ. ಒಂದು ಇಂಟು ಹಾಕಿಬಿಡ್ತೀನಿ. ಪುಣೆಯವರದೂ ಏನೂ ತಕರಾರ ಇರೂದಿಲ್ಲ. ಹೂಂ ಅನ್ರಿ.’

ನಾನು ಏನು ಹೇಳಿದೆ ಗೊತ್ತೇ? ‘ಬ್ಯಾಡ್ರಿ. ಶೀಟಿನಾಗ ಸುಳ್ಳು ಬರೀಬಾರ್ದು. ಆಟಕ್ಕ ಒಂದು ಧರ್ಮ ಅದ’ ಎಂದೆ.

ಅದೇ ಶೀಟಿನಲ್ಲಿ, ಮೊದಲನೇ ಸಾಲಿನಲ್ಲಿ, ನನ್ನ ಸಹಿಯಿಂದ ಗಿರಣಿಯ ಅಪ್ರೆಂಟಿಸ್ ಆದ ಬೆಹರಾಮನ ಹೆಸರಿತ್ತು. ಆ ಸುಳ್ಳು ಸಾಹೇಬರಿಗಾಗಿ, ಅದಕ್ಕೆ ಧರ್ಮ ಅಡ್ಡ ಬರಲಿಲ್ಲ. ನನ್ನ ಮಲ್ಲಿನಾಥನಿಗಾಗಿ ಒಂದು ಇಂಟು ಗುರುತು ಎಂದ ತಕ್ಷಣ ಅಡ್ಡ ಬಂತು. ಸ್ಕೋರರು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗೆ ಇಟ್ಟುಕೊಂಡರು. ಅವರು ಅಂದು ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣ ಮುಂದಿದೆ.

ಹೊಸ ಕೋಚ್‌ಗಳೇ, ಪರದೇಶದ ಆಟಗಾರರು ಬರಲಿ. ಅವರಿಂದ ಹಾರುವುದನ್ನು ಕಲಿಯಿರಿ, ನಿಲ್ಲುವುದನ್ನು ಕಲಿಯಿರಿ. ನಮ್ಮ ಹುಡುಗನ ಜಾಗ ಕಸಿದುಕೊಂಡರು ಎಂದು ಅವರ ಮೇಲೆ ಗೂಬೆ ಕೂರಿಸಬೇಡಿ. ಅಂದು ಅಕ್ಕಲಕೋಟದಲ್ಲಿ ಆ ಜಾಗ ಬಿಟ್ಟುಕೊಡಲು ಒದ್ದಾಡಿದವನು ಇರಾಣದವನು. ಕೊಡದೇ ಇದ್ದವನು ವಿಜಾಪುರ ರಸ್ತೆಯವನು, ನಾನು. ಬೆಹರಾಮ ಮತ್ತೆಂದೂ ನಮ್ಮ ಗಿರಣಿಗೆ ಆಡಲಿಲ್ಲ. ಸಾಹೇಬರು ಅವನ ಬದಲು ಇಬ್ಬರನ್ನು ತಂದರು, ಆ ಇಬ್ಬರ ಕಾಗದಕ್ಕೂ ನಾನೇ ಸಹಿ ಹಾಕಿದೆ. ಮೈಂದರ್ಗಿಯ ಹೆಣ್ಣನ್ನು ಬೇರೆ ಕಡೆ ಕೊಟ್ಟರು. ಮಲ್ಲಿನಾಥ ಕಾಯಂ ಆಗಲೇ ಇಲ್ಲ, ಒಂದೆರಡು ವರ್ಷದ ನಂತರ ಅಣ್ಣಂದಿರ ಹೊಲಕ್ಕೇ ಹೋದ.

ಫೈನಲ್ ಮುಗಿದ ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಗೇಟಿನ ಹೊರಗೆ ಬದಲಿಯವರ ಗುಂಪಿನಲ್ಲಿ ನಿಂತಿದ್ದ. ರಾತ್ರಿಯೆಲ್ಲ ನಾನು ಅವನು ಬೈಯುವ ಬೈಗುಳಗಳನ್ನು ಎಣಿಸಿಕೊಂಡು ಬಂದಿದ್ದೆ. ಅವನು ಬೈಯಲಿ, ಕಾಲರು ಹಿಡಿಯಲಿ ಎಂದು ಬೇಕೆಂದೇ ಅವನ ಮುಂದೆ ಹಾದು ಹೋದೆ. ಅವನು ಡಬ್ಬಿಯನ್ನು ಎಡಗೈಗೆ ಬದಲಿಸಿ ನಮಸ್ಕಾರ ಮಾಡಿದ.

‘ಮಾಸ್ತರ, ಇವತ್ತ ಪ್ರಾಕ್ಟೀಸ್ ಎಷ್ಟಕ್ಕರಿ?’

‘ಐದಕ್ಕ’ ಎಂದೆ. ಅಂದು ಯಾರೂ ರಜೆ ಹಾಕಿರಲಿಲ್ಲ. ಗೇಟಿನವನು ನನ್ನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ.